ಎರಡನೆಯ ಭಾಗದ ಬೀಗಗಳು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ನನ್ನದು ಮೂರಡಿ ಅಂಗಡಿ. ಬೀಗ, ಕೀಲಿ, ಒಂದು ಅರ.
ಪಕ್ಕದಲ್ಲಿ ಮೊಬೈಲ್ ಕವರ್ ಮಾರುವ ಫಿರ್ದೌಸ್
ಒಂದು ಮಧ್ಯಾಹ್ನ ನನ್ನ ಫೋನಿಗೆ ಆಟವೊಂದನ್ನು ಹಾಕಿಕೊಟ್ಟಳು:
"ಆಚಾರ್ರೇ, ಇದರ ತುಂಬ ಬೀಗಾನೇ. ನಿಮ್ಮ ಕೈಚಳಕ ನೋಡೋಣ."

ಅದು ಮೊದಲ ಭಾಗ. ಒಂದು ಮನೆ, ಹನ್ನೊಂದು ಕೋಣೆ.
ಗಡಿಯಾರ ಮಾಡುವವನು ಕಾಣೆ.
ಮೇಜಿನ ಮೇಲೆ ಅರ್ಧ ಕುಡಿದ ಚಹಾ.
ಯಾರೂ ಏನೂ ಹೇಳಿಕೊಡುವುದಿಲ್ಲ.
ನಾಲ್ಕನೇ ಕೋಣೆಯ ಕಪಾಟಿಗೆ ಹತ್ತೊಂಬತ್ತು ದಿನ ಹಿಡಿಯಿತು;
ಗಿರಾಕಿಯ ಬೀರು ತೆರೆಯುತ್ತ ತೆರೆಯುತ್ತ
ಆ ಕಪಾಟಿನದೇ ಯೋಚನೆಯಲ್ಲಿ ಕೈ ಕುಯ್ದುಕೊಂಡೆ.
ಇಪ್ಪತ್ತನೇ ದಿನ, ಸಾಲಗಾಮೆ ರಸ್ತೆಯ ಬಸ್ಸಿನಲ್ಲಿ
ನಿಂತಲ್ಲೇ ಹೊಳೆಯಿತು:
ಗೋಡೆಯ ಚಿತ್ರದಲ್ಲಿ ಎಣಿಸಬೇಕಾದ್ದು ಕಿಟಕಿಗಳನ್ನಲ್ಲ,
ಅವುಗಳ ನೆರಳನ್ನು.
"ಅಯ್ಯೋ ಮುಂಡೇದೇ" ಅಂದೆ ಜೋರಾಗಿ.
ಕಂಡಕ್ಟರು ತನಗೇ ಅಂದುಕೊಂಡ.

ಈಗ ಎರಡನೆಯದು ಬಂದಿದೆ. ದುಡ್ಡು ಕೊಟ್ಟು ಇಳಿಸಿಕೊಂಡೆ,
ನಾಲ್ಕು ಡೂಪ್ಲಿಕೇಟ್ ಕೀಲಿಯ ಕೂಲಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ.
ಇದನ್ನು ಮಾಡಿದವರು ಬೀಗ ಬಿಚ್ಚಿ ನೋಡಿದ್ದಾರೆ.
ಒಳಗಿನ ಪಿನ್ನುಗಳು ಒಂದೊಂದಾಗಿ ಮೇಲೇಳುವಾಗ
ಕೇಳುವ ಆ ಸಣ್ಣ ಸದ್ದು ಹಿತ್ತಾಳೆಯದೇ,
ಕಬ್ಬಿಣ ಹಾಗೆ ಮಾತಾಡುವುದಿಲ್ಲ.
ತುಕ್ಕು ಕೂಡ ಬೆರಳು ತಾಗದ ಕಡೆ ಮಾತ್ರ ಇದೆ.
ಇಷ್ಟು ಗಮನ ಯಾರಿಗಿರುತ್ತದೆ?
ನೀರು ತುಂಬಿದರಷ್ಟೇ ತಿರುಗುವ ಪೆಟ್ಟಿಗೆಯೊಂದಿದೆ ಅದರಲ್ಲಿ.
ಅದನ್ನು ಕಂಡ ರಾತ್ರಿ ಎದ್ದು ಕೂತು
ಕ್ಯಾಲೆಂಡರಿನ ಹಿಂದೆ ಗೀಚಿಕೊಂಡೆ,
ತಗಡಿನಲ್ಲಿ ಮಾಡಬಹುದೇ ಎಂದು.
ಮಾಡಿದೆ. ಸೋರುತ್ತದೆ.

ಆದರೆ.

ಮನೆ ಹೋಗಿ ಊರಾಗಿದೆ. ಬಂದರು, ಚರ್ಚು, ದೀಪಸ್ತಂಭ, ನಕ್ಷೆ.
ಒಂದು ಹಲ್ಲುಚಕ್ರ ತರಲು ಸೇತುವೆ ದಾಟು,
ಅದನ್ನು ಕೂಡಿಸಲು ಮತ್ತೆ ದಾಟು,
ದೊಡ್ಡಾಸ್ಪತ್ರೆಯಲ್ಲಿ ಚೀಟಿ ಒಂದು ಕಡೆ
ಔಷಧಿ ಇನ್ನೊಂದು ಕಡೆ ಇದ್ದ ಹಾಗೆ.
ಸಾಲದ್ದಕ್ಕೆ ಕೈಗೊಂದು ಲಾಟೀನು:
ಎರಡು ನಿಮಿಷ ಸುಮ್ಮನಿದ್ದರೆ ತಾನೇ ಹೊತ್ತಿಕೊಂಡು
"ಎಡಗಡೆ ಡ್ರಾಯರು ನೋಡಿ" ಎನ್ನುತ್ತದೆ.
ಅಲ್ಲ ಕಣಯ್ಯ, ಸುಮ್ಮನಿರುವುದೇ ನನ್ನ ಕೆಲಸ.
ಬೀಗಕ್ಕೆ ಕಿವಿಗೊಟ್ಟು ಕೂತವನನ್ನು
ಕೈಲಾಗದವನು ಅಂದುಕೊಂಡರೆ ಹೇಗೆ?
ಲಾಟೀನಿನ ಬಾಯಿ ಮುಚ್ಚಿಸುವ ಗುಂಡಿಗಾಗಿ ಹುಡುಕಿದೆ.
ಇಡೀ ಆಟದಲ್ಲಿ ನನ್ನಿಂದ ಬಿಡಿಸಲಾಗದ ಒಗಟು
ಅದೊಂದೇ.

ಕೊನೆಗೆ ಗಡಿಯಾರದವನು ಸಿಗುತ್ತಾನೆ.
ಸಿಗಬಾರದಿತ್ತು. ಸಿಕ್ಕವನು ಕೂತು, ಕಾಲು ಗಂಟೆ,
ಯಾಕೆ ಹೋದೆ, ಯಾರ ಮೇಲೆ ಕೋಪ,
ಚಹಾ ಯಾಕೆ ಅರ್ಧಕ್ಕೆ ಬಿಟ್ಟೆ, ಎಲ್ಲ ವಿವರಿಸುತ್ತಾನೆ.
ಮೂರು ವರ್ಷ ಆ ಲೋಟವನ್ನು
ತಲೆಯೊಳಗೆ ಆರದ ಹಾಗೆ ಇಟ್ಟುಕೊಂಡಿದ್ದೆ.
ಸಕ್ಕರೆ ಕಡಿಮೆ ಆಗಿತ್ತಂತೆ.

ಕಡೆಯ ಬಾಗಿಲಂತೂ ಕೀಲಿಯನ್ನೇ ಕೇಳಲಿಲ್ಲ.
ಸಿನಿಮಾ ಪರದೆಯ ಹಾಗೆ ತಾನೇ ಸರಿಯಿತು.
ನನ್ನ ಹೆಬ್ಬೆರಳು ಗಾಜಿನ ಮೇಲೆ ಇನ್ನೂ ತಿರುಗುತ್ತಲೇ ಇತ್ತು.

"ಹೇಗಿದೆ?" ಎಂದು ಫಿರ್ದೌಸ್ ಕೇಳಿದಳು.
"ಬೀಗ ಭಾಳ ಚೆಂದಾಗವೆ ಕಣವ್ವ,
ಮನೆ ಒಳಗೆ ಕದಿಯಾಕೇ ಏನೂ ಇಲ್ಲ."
ನಕ್ಕಳು. ಮೂರನೆಯದೂ ಬರುತ್ತಂತೆ ಎಂದಳು.
ಬಂದರೆ ಹೇಳು ಎಂದೆ, ಬೇಗ ಎಂದೂ ಸೇರಿಸಿದೆ.

ಸಂಜೆ ಪೆನ್ಷನ್ ಮೊಹಲ್ಲಾದ ಹೆಂಗಸೊಬ್ಬರು
ಆಟೋದಲ್ಲಿ ಹಳೇ ಟ್ರಂಕು ತಂದಿಳಿಸಿದರು.
ಕೀಲಿ ಇಲ್ಲ. ಒಳಗೇನಿದೆಯೋ ಅವರಿಗೂ ಗೊತ್ತಿಲ್ಲ.
ಅಲ್ಲಾಡಿಸಿದರೆ ಏನೋ ಉರುಳುತ್ತದೆ,
ಒಂದೇ ಒಂದು.

"ಎಷ್ಟು ಹೊತ್ತಾಗುತ್ತೆ?"
ಐದು ನಿಮಿಷದ ಕೆಲಸ.
"ನಾಳೆ ಬನ್ನಿ" ಎಂದೆ.